ತಂತಿಗೆ ಇರುವುದು ಎರಡೇ ತುದಿ: ಸ್ಕಸಿ ಸರಪಳಿಯ ಟರ್ಮಿನೇಷನ್

(ಹಳೆಯ ಕಂಪ್ಯೂಟರುಗಳ ದುರಸ್ತಿಯಲ್ಲಿ ಆಸಕ್ತಿ ಇರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರುಮಾಡುವ ಮುಂಚೆ ಒಂದು ಪ್ರಶ್ನೆ. ಕಂಪ್ಯೂಟರಿನಲ್ಲಿ ಒಂದು ಸ್ಕಸಿ ಕಾರ್ಡು, ಒಂದು ಉದ್ದದ ರಿಬ್ಬನ್ ಕೇಬಲ್, ಅದಕ್ಕೆ ಮೂರು ಸ್ಕಸಿ ಡ್ರೈವುಗಳು (ಸ್ಕಸಿ ಎಂದರೆ ಡಿಸ್ಕು, ಸ್ಕ್ಯಾನರಿನಂಥ ಸಾಧನಗಳನ್ನು ಒಂದೇ ತಂತಿಯಲ್ಲಿ ಸಾಲಾಗಿ ಕಂಪ್ಯೂಟರಿಗೆ ಜೋಡಿಸುವ ಹಳೆಯ ಪದ್ಧತಿ). ಐಡಿ 0, 1, 2. ಟರ್ಮಿನೇಷನ್, ಅಂದರೆ ಸಿಗ್ನಲ್ ಮರಳಿ ಬರದಂತೆ ತಡೆಯುವ ರೆಸಿಸ್ಟರುಗಳನ್ನು, ಎಲ್ಲಿ ಹಾಕಬೇಕು? "ಕೊನೆಯ ಐಡಿ ಇರುವ ಡ್ರೈವಿಗೆ" ಎನ್ನುವವರು ಪ್ರತಿ ಸಲವೂ ಇಬ್ಬರು ಮೂವರಾದರೂ ಸಿಗುತ್ತಾರೆ. ಐಡಿ ಎಂದರೆ ಮನೆ ನಂಬರು, ಅಷ್ಟೇ. 2ನೇ ನಂಬರಿನ ಮನೆ ಬೀದಿಯ ಮಧ್ಯದಲ್ಲೂ ಇರಬಹುದು. ಟರ್ಮಿನೇಷನ್ ಕೇಳುವುದು ನಂಬರನ್ನಲ್ಲ, ಬೀದಿ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ: ಟರ್ಮಿನೇಟರ್ ಡ್ರೈವಿಗೆ ಸೇರಿದ್ದಲ್ಲ, ತಂತಿಗೆ ಸೇರಿದ್ದು. ತಂತಿಗೆ ಎರಡು ತುದಿ, ಎರಡಕ್ಕೂ ಒಂದೊಂದು.

ಸ್ಕಸಿ ಅಂದರೆ ಎಸ್‌ಸಿಎಸ್‌ಐ. ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿಯ ಸಾಸಿ ಎಂಬ ಜೋಡಣೆಯಿಂದ ಬೆಳೆದು 1986ರಲ್ಲಿ ಅಮೆರಿಕದ ಆನ್ಸಿ ಮಾನಕವಾಯಿತು. ಅದೇ ವರ್ಷ ಬಂದ ಆಪಲ್ ಮ್ಯಾಕಿಂತೋಷ್ ಪ್ಲಸ್‌ನ ಹಿಂಭಾಗದಲ್ಲಿ ಸ್ಕಸಿ ಕಿಂಡಿ ಇತ್ತು. ಆಮೇಲೆ ಸನ್ ವರ್ಕ್‌ಸ್ಟೇಷನ್ನು, ಸರ್ವರು, ಸ್ಕ್ಯಾನರು, ಅಕೈ ಸ್ಯಾಂಪ್ಲರು, ಎಲ್ಲ ಕಡೆ ಇದೇ. ಇವುಗಳಲ್ಲಿ ಎಷ್ಟೋ ಇನ್ನೂ ಓಡುತ್ತಿವೆ, ಆದ್ದರಿಂದ ಈ ವಿದ್ಯೆ ಇನ್ನೂ ಬೇಕು.

ಮೊದಲು ಟರ್ಮಿನೇಟರ್ ಯಾಕೆ ಬೇಕು ನೋಡೋಣ. ನೀರು ಹರಿಯುವ ಕಾಲುವೆಯ ಕೊನೆಯ ತೂಬನ್ನು ದಿಢೀರನೆ ಮುಚ್ಚಿದರೆ ಅಲೆ ಎದ್ದು ಹಿಂದಕ್ಕೆ ಬರುತ್ತದೆ. ತಂತಿಯಲ್ಲಿ ಹೋಗುವ ಸಿಗ್ನಲ್ಲೂ ಹಾಗೆಯೇ. ಒಂದು ಮೀಟರ್ ಕೇಬಲ್ ದಾಟಲು ಅದಕ್ಕೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. 3 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರಲು 30. ಸೆಕೆಂಡಿಗೆ 10 ಮೆಗಾಬೈಟ್ ವೇಗದ ಫಾಸ್ಟ್ ಸ್ಕಸಿಯಲ್ಲಿ ಒಂದು ಬೈಟಿಗೆ ಸಿಗುವ ಸಮಯವೇ 100 ನ್ಯಾನೋಸೆಕೆಂಡ್. ಅದರಲ್ಲಿ 30 ಹೊತ್ತು ಪ್ರತಿಧ್ವನಿ ಓಡಾಡುತ್ತಿದ್ದರೆ ಓದುವವನಿಗೆ ಯಾವುದು ಮಾತು, ಯಾವುದು ಮಾರ್ದನಿ ತಿಳಿಯುವುದಿಲ್ಲ. ಚಪ್ಪಟೆ ರಿಬ್ಬನ್ ಕೇಬಲ್ಲಿನ ಪ್ರತಿರೋಧ ಗುಣ ಸುಮಾರು 100 ಓಮ್. ತುದಿಯಲ್ಲೂ ಅಷ್ಟೇ ಓಮ್ ಇದ್ದರೆ ಅಲೆಗೆ ತಂತಿ ಇನ್ನೂ ಮುಂದುವರಿದಂತೆ ಕಾಣುತ್ತದೆ, ಅದು ಅಲ್ಲೇ ಕರಗುತ್ತದೆ. ಏನೂ ಇಲ್ಲದಿದ್ದರೆ ಪೂರ್ತಿ ಅಲೆ ವಾಪಸ್.

ಆದರೆ ಟರ್ಮಿನೇಟರಿಗೆ ಇನ್ನೊಂದು ಕೆಲಸ ಇದೆ, ಇದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಹಳೆಯ ಸಿಂಗಲ್ ಎಂಡೆಡ್, ಅಂದರೆ ಒಂದು ಸಿಗ್ನಲ್ಲಿಗೆ ಒಂದೇ ತಂತಿ ಇರುವ ಸ್ಕಸಿಯಲ್ಲಿ ಡ್ರೈವ್ ಗೆರೆಯ (ಸಿಗ್ನಲ್ ತಂತಿಯ) ವೋಲ್ಟನ್ನು ಕೆಳಕ್ಕೆ ಎಳೆಯುತ್ತದೆ; ಬಿಟ್ಟಾಗ ಅದನ್ನು ಮೇಲಕ್ಕೆ ಎತ್ತುವವನು ಟರ್ಮಿನೇಟರ್. ಪ್ಯಾಸಿವ್ ಟರ್ಮಿನೇಟರಿನಲ್ಲಿ ಪ್ರತಿ ಗೆರೆಗೂ ಎರಡು ರೆಸಿಸ್ಟರ್: 5 ವೋಲ್ಟಿನ ಟರ್ಮ್‌ಪವರ್ (ಟರ್ಮಿನೇಟರಿಗೆಂದೇ ಕೇಬಲ್ಲಿನಲ್ಲಿ ಬರುವ ವಿದ್ಯುತ್) ಕಡೆಗೆ 220 ಓಮ್, ಗ್ರೌಂಡಿಗೆ 330 ಓಮ್. ಯಾರೂ ಎಳೆಯದಿದ್ದಾಗ ಗೆರೆ 3 ವೋಲ್ಟಿನಲ್ಲಿ ನಿಲ್ಲುತ್ತದೆ. ಅಲೆಗೆ ಎದುರಾಗುವುದು ಇವೆರಡೂ ಸಮಾಂತರವಾಗಿ ಸೇರಿದ 132 ಓಮ್.

ಈಗ ಸ್ವಲ್ಪ ಲೆಕ್ಕ. ಡ್ರೈವ್ ಗೆರೆಯನ್ನು 0.5 ವೋಲ್ಟಿಗೆ ಎಳೆದಾಗ ಒಂದು ಟರ್ಮಿನೇಟರಿನಿಂದ 2.5 ಭಾಗಿಸು 132, ಅಂದರೆ ಸುಮಾರು 19 ಮಿಲಿಆಂಪಿಯರ್ ಬರುತ್ತದೆ. ಎರಡು ಕಡೆಯಿಂದ 38. ಈ ಡ್ರೈವ್ ಕೇಬಲ್ಲಿನ ಮಧ್ಯದಲ್ಲಿದೆ ಎನ್ನಿ. ಬಿಟ್ಟ ಕೂಡಲೇ ಈ 38 ಮಿಲಿಆಂಪಿಯರ್ ಎಡಕ್ಕೆ ಬಲಕ್ಕೆ ಹಂಚಿದ ಕೇಬಲ್ಲಿನ 50 ಓಮ್ ಮೇಲೆ 1.9 ವೋಲ್ಟ್ ಜಿಗಿತ ಕೊಡುತ್ತದೆ. 0.5 ಕೂಡಿಸಿದರೆ 2.4. ಸ್ಕಸಿಯಲ್ಲಿ 2.0ಕ್ಕಿಂತ ಮೇಲಿದ್ದರೆ ಗೆರೆ ಮೇಲಿದೆ, 0.8ಕ್ಕಿಂತ ಕೆಳಗಿದ್ದರೆ ಕೆಳಗಿದೆ ಎಂದು ಅರ್ಥ. 2.4 ಸರಿಯಾಗಿ ದಾಟಿತು. ಒಂದು ಟರ್ಮಿನೇಟರ್ ಮಾತ್ರ ಇದ್ದರೆ? 19 ಮಿಲಿಆಂಪಿಯರ್, 0.95 ವೋಲ್ಟ್ ಜಿಗಿತ, ಒಟ್ಟು 1.45. ಇದು ಮೇಲೂ ಅಲ್ಲ, ಕೆಳಗೂ ಅಲ್ಲ. ತುದಿಗಳಿಂದ ಮರಳಿ ಬರುವ ಅಲೆಗಳು ಮೆಟ್ಟಿಲು ಮೆಟ್ಟಿಲಾಗಿ ಅದನ್ನು ಮೇಲಕ್ಕೆ ಎತ್ತುವ ತನಕ ಗೆರೆ ತ್ರಿಶಂಕು. ಕೇಬಲ್ ಗಿಡ್ಡ, ವೇಗ ಕಡಿಮೆ ಇದ್ದರೆ ಕಾಯುವಷ್ಟು ಹೊತ್ತು ಸಿಗುತ್ತದೆ, ಕೆಲಸ ನಡೆದುಹೋಗುತ್ತದೆ. "ನಮ್ಮಲ್ಲಿ ಟರ್ಮಿನೇಟರ್ ಇಲ್ಲದೆಯೇ ವರ್ಷಗಟ್ಟಲೆ ಓಡಿತ್ತು" ಎನ್ನುವವರ ಗುಟ್ಟು ಇಷ್ಟೇ.

ಹಾಗಾದರೆ ಭದ್ರತೆಗೆ ಮೂರು ಹಾಕೋಣವೇ? ಮೂರಾದರೆ 57 ಮಿಲಿಆಂಪಿಯರ್. ಮಾನಕದ ಪ್ರಕಾರ ಡ್ರೈವಿನ ಚಿಪ್ಪು 0.5 ವೋಲ್ಟಿನಲ್ಲಿ 48 ಮಿಲಿಆಂಪಿಯರ್ ಎಳೆಯಬಲ್ಲದು, ಅಷ್ಟಕ್ಕಿಂತ ಹೆಚ್ಚಿನದಕ್ಕೆ ಖಾತ್ರಿ ಇಲ್ಲ. ಗೆರೆ ಪೂರ್ತಿ ಕೆಳಕ್ಕೆ ಇಳಿಯುವುದಿಲ್ಲ, ಚಿಪ್ಪು ಬಿಸಿಯಾಗುತ್ತದೆ. ಅದೂ ಅಲ್ಲದೆ ಮಧ್ಯದಲ್ಲಿ ಕೂತ ಟರ್ಮಿನೇಟರ್ ಹಾದುಹೋಗುವ ಅಲೆಯ ಒಂದು ಪಾಲನ್ನು ತಾನೇ ತಿರುಗಿಸಿ ಕಳಿಸುತ್ತದೆ. ಕಡಿಮೆಯೂ ತಪ್ಪು, ಹೆಚ್ಚೂ ತಪ್ಪು.

ಪ್ಯಾಸಿವ್ ಟರ್ಮಿನೇಟರಿನ ದೌರ್ಬಲ್ಯ ಏನೆಂದರೆ, ಟರ್ಮ್‌ಪವರ್ ಕುಸಿದರೆ ಗೆರೆಯೂ ಕುಸಿಯುತ್ತದೆ. ಅಲ್ಲಿ 4.5 ವೋಲ್ಟ್ ಆದರೆ ಇಲ್ಲಿ 2.7. ಕೆಲಸವಿಲ್ಲದೆ ಕೂತಾಗಲೂ ಪ್ರತಿ ಗೆರೆಯ 550 ಓಮ್ ಮೂಲಕ 9 ಮಿಲಿಆಂಪಿಯರ್ ಸೋರುತ್ತದೆ. 18 ಗೆರೆಗೆ 164, ಎರಡು ತುದಿಗೆ 330ರ ಹತ್ತಿರ. ಇದಕ್ಕೆ ಬಂದ ಉತ್ತರ ಆಕ್ಟಿವ್ ಟರ್ಮಿನೇಟರ್. ಒಳಗೊಂದು ರೆಗ್ಯುಲೇಟರ್ ಇಟ್ಟು 2.85 ವೋಲ್ಟ್ ಸ್ಥಿರ ಮಾಡಿ, ಅಲ್ಲಿಂದ ಪ್ರತಿ ಗೆರೆಗೂ ಒಂದೇ 110 ಓಮ್. ಕೇಬಲ್ಲಿನ 100ಕ್ಕೆ 132ಕ್ಕಿಂತ 110 ಎಷ್ಟೋ ಹತ್ತಿರ: ಮರಳುವ ಅಲೆ ನೂರಕ್ಕೆ 14ರಿಂದ 5ಕ್ಕೆ ಇಳಿಯುತ್ತದೆ. ಕೊಳ್ಳುವಾಗ ಆಯ್ಕೆ ಇದ್ದರೆ ಪ್ಯಾಸಿವ್ ಕಡೆ ತಿರುಗಿಯೂ ನೋಡಬೇಡಿ. 5 ಮೆಗಾಬೈಟಿನ ಸ್ಕಸಿಗೆ ಪ್ಯಾಸಿವ್ ಸಾಕು, ಫಾಸ್ಟ್‌ನಿಂದ ಮುಂದಕ್ಕೆ ಆಕ್ಟಿವ್ ಇರಲಿ.

ಇನ್ನು ಕೈಯಲ್ಲಿ ಹಿಡಿಯುವ ವಸ್ತುವಿಗೆ ಬರೋಣ. ಹಳೆಯ ಡ್ರೈವಿನ ಹಸಿರು ಬೋರ್ಡನ್ನು ತಿರುಗಿಸಿ, 50 ಪಿನ್ನಿನ ಕನೆಕ್ಟರಿನ ಪಕ್ಕ ನೋಡಿ. ಬಾಚಣಿಗೆಯಂತೆ ಒಂದೇ ಸಾಲಿನ ಕಾಲುಗಳಿರುವ ಮೂರು ತೆಳ್ಳನೆಯ ರೆಸಿಸ್ಟರ್ ಪ್ಯಾಕುಗಳು, ಅಂದರೆ ಡ್ರೈವಿನ ಟರ್ಮಿನೇಟರ್, ಸಾಕೆಟ್ಟಿನಲ್ಲಿ ನಿಂತಿರುತ್ತವೆ. ಒಂದೊಂದಕ್ಕೂ 8 ಕಾಲು. ಒಂದು ತುದಿಯದು ಗ್ರೌಂಡ್, ಇನ್ನೊಂದು ತುದಿಯದು ಟರ್ಮ್‌ಪವರ್, ನಡುವಿನ ಆರು ಆರು ಗೆರೆಗಳಿಗೆ. ಮೂರಾರಲಿ ಹದಿನೆಂಟು. ಸ್ಕಸಿಯ ಗೆರೆಗಳೂ ಸರಿಯಾಗಿ 18: ಎಂಟು ಡೇಟಾ, ಒಂದು ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ಬಿಟ್), ಒಂಬತ್ತು ನಿಯಂತ್ರಣದವು. ಆದ್ದರಿಂದ ಮೂರನ್ನೂ ಹಾಕಬೇಕು ಅಥವಾ ಮೂರನ್ನೂ ತೆಗೆಯಬೇಕು. ಎರಡು ಮಾತ್ರ ಕಿತ್ತು ಒಂದು ಬಿಟ್ಟರೆ ಆರು ಗೆರೆಗಳಿಗೆ ಮಾತ್ರ ಟರ್ಮಿನೇಷನ್ ಉಳಿಯುತ್ತದೆ, ಆಮೇಲೆ ಬರುವ ದೋಷಕ್ಕೆ ತಲೆಬುಡ ಸಿಗುವುದಿಲ್ಲ.

ಕೀಳುವಾಗ ಮಧ್ಯಕ್ಕೆ ಕೈಹಾಕಿ ಎಳೆದರೆ ಕಾಲು ಮುರಿಯುತ್ತದೆ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕೊನೆಯಲ್ಲಿ ಕೊಟ್ಟು ಒಂದೆರಡು ಮಿಲಿಮೀಟರ್ ಎತ್ತಿ, ಆಮೇಲೆ ಇನ್ನೊಂದು ಕೊನೆ, ಹೀಗೆ ಸರದಿಯಲ್ಲಿ. ಪ್ಯಾಕಿನ ಮೇಲೆ ಒಂದು ಕಡೆ ಚುಕ್ಕಿಯೋ ಗೆರೆಯೋ ಇರುತ್ತದೆ, ಅದು 1ನೇ ಕಾಲು. ಬೋರ್ಡಿನ ಗುರುತಿಗೆ ಹೊಂದಿಸಿ. ಉಲ್ಟಾ ಹಾಕಿದರೆ ಏನೂ ಸುಡುವುದಿಲ್ಲ, ಅದೇ ಅಪಾಯ. 220 ಮತ್ತು 330 ಜಾಗ ಬದಲಾಗಿ ಖಾಲಿ ಗೆರೆ 3 ವೋಲ್ಟಿನ ಬದಲು 2 ವೋಲ್ಟಿಗೆ ಬರುತ್ತದೆ, ಅಂದರೆ ಸರಿಯಾಗಿ ಹೊಸ್ತಿಲ ಮೇಲೆ. ಬೆಳಿಗ್ಗೆ ಓಡಿದ ಯಂತ್ರ ಮಧ್ಯಾಹ್ನ ನಿಲ್ಲುತ್ತದೆ.

1990ರ ದಶಕದ ಡ್ರೈವುಗಳಲ್ಲಿ ಪ್ಯಾಕಿನ ಜಾಗಕ್ಕೆ ಜಂಪರ್, ಅಂದರೆ ಎರಡು ಪಿನ್ನು ಜೋಡಿಸುವ ಪುಟ್ಟ ಟೋಪಿ, ಬಂತು. ಟಿಇ ಎಂದು ಬರೆದಿದ್ದರೆ ಟರ್ಮಿನೇಷನ್ ಚಾಲೂ ಮಾಡುವ ಜಂಪರ್, ಟಿಪಿ ಎಂದರೆ ಟರ್ಮ್‌ಪವರ್ ಎಲ್ಲಿಂದ ಎಂದು ಆರಿಸುವುದು. ಇವೆರಡನ್ನು ಗೊಂದಲ ಮಾಡಿಕೊಳ್ಳುವುದು ಸರ್ವೇಸಾಮಾನ್ಯ. ಜಂಪರ್ ಹಾಕಿದರೆ ಚಾಲೂ ಅಥವಾ ತೆಗೆದರೆ ಚಾಲೂ ಎನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ, ಆ ಮಾದರಿಯ ಜಂಪರ್ ನಕ್ಷೆ ನೋಡದೆ ಊಹಿಸಬೇಡಿ. ನನ್ನ ಸಲಹೆ ಕೇಳಿದರೆ, ಎಲ್ಲ ಡ್ರೈವುಗಳ ಟರ್ಮಿನೇಷನ್ನನ್ನೂ ಬಂದ್ ಮಾಡಿ, ಕೇಬಲ್ಲಿನ ಕೊನೆಯ ಕನೆಕ್ಟರಿಗೆ ಪ್ರತ್ಯೇಕ ಆಕ್ಟಿವ್ ಟರ್ಮಿನೇಟರ್ ಸಿಕ್ಕಿಸಿಬಿಡಿ. ನಾಳೆ ಕೆಟ್ಟ ಡ್ರೈವ್ ಬಿಚ್ಚಿದಾಗ ಅದರ ಜೊತೆ ಟರ್ಮಿನೇಷನ್ನೂ ಹೋಗುವ ಪ್ರಮೇಯ ಇರುವುದಿಲ್ಲ.

ಕೇಬಲ್ ಜೋಡಣೆಯಲ್ಲಿ ಒಂದು ನಿಯಮ ಮರೆಯಬೇಡಿ: ಖಾಲಿ ಕನೆಕ್ಟರ್ ಬಿಡುವುದಾದರೆ ಮಧ್ಯದಲ್ಲಿ ಬಿಡಿ, ಕೊನೆಯಲ್ಲಿ ಬಿಡಬೇಡಿ. ಕೊನೆಯ ಕನೆಕ್ಟರನ್ನು ಖಾಲಿ ಬಿಟ್ಟು ಅದರ ಹಿಂದಿನದಕ್ಕೆ ಟರ್ಮಿನೇಷನ್ ಇರುವ ಡ್ರೈವ್ ಹಾಕಿದರೆ, ಆಚೆ ಜೋತಾಡುವ ಆ ಒಂದಡಿ ಬಾಲ ತನ್ನದೇ ಪ್ರತಿಧ್ವನಿ ಹುಟ್ಟಿಸುತ್ತದೆ. ಮುಖ್ಯ ತಂತಿಯಿಂದ ಕವಲೊಡೆದ ಯಾವ ತುಂಡೂ 10 ಸೆಂಟಿಮೀಟರ್ ಮೀರಬಾರದು. ಒಟ್ಟು ಉದ್ದಕ್ಕೂ ಮಿತಿ ಇದೆ: ಸಿಂಗಲ್ ಎಂಡೆಡ್‌ನಲ್ಲಿ 5 ಮೆಗಾಬೈಟ್ ವೇಗಕ್ಕೆ 6 ಮೀಟರ್, ಫಾಸ್ಟ್‌ಗೆ 3, ಇನ್ನೂ ವೇಗದ ಅಲ್ಟ್ರಾಗೆ ನಾಲ್ಕು ಸಾಧನಗಳವರೆಗೆ 3, ಅದಕ್ಕಿಂತ ಹೆಚ್ಚಾದರೆ ಒಂದೂವರೆ. ಸಾಧನಗಳ ಲೆಕ್ಕದಲ್ಲಿ ಕಾರ್ಡೂ ಒಂದು.

50 ಪಿನ್ನಿನ ಕನೆಕ್ಟರಿನಲ್ಲಿ 26ನೇ ಪಿನ್ ಟರ್ಮ್‌ಪವರ್. ಇದನ್ನು ವಿನ್ಯಾಸ ಮಾಡಿದವರ ಜಾಣತನ ನೋಡಿ. ಕೇಬಲ್ ತಿರುಗಾಮುರುಗಾ ಹಾಕಿದರೆ 26 ಹೋಗಿ ಕೂರುವುದು 25ರ ಮೇಲೆ. ಆ 25ನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಏನೂ ಸುಡುವುದಿಲ್ಲ. ಆದರೆ ಸಮಸಂಖ್ಯೆಯ ಪಿನ್ನುಗಳಲ್ಲಿ ಇರುವ ಸಿಗ್ನಲ್ಲೆಲ್ಲ ಬೆಸಸಂಖ್ಯೆಯ ಗ್ರೌಂಡಿಗೆ ಬೀಳುತ್ತದೆ, ರೀಸೆಟ್ ಗೆರೆಯೂ ಸೇರಿ. ಇಡೀ ಬಸ್, ಅಂದರೆ ಎಲ್ಲ ಸಾಧನಗಳೂ ಹಂಚಿಕೊಳ್ಳುವ ತಂತಿಗಳ ಗುಂಪು, ಮೂಕ. ಕೆಟ್ಟದ್ದು ಬೇರೆ: ಹೊರಕವಚ ಇಲ್ಲದ ಕನೆಕ್ಟರನ್ನು ಒಂದು ಜೊತೆ ಪಿನ್ನು ಅತ್ತಿತ್ತ ಸರಿಸಿ ಕೂರಿಸುವುದು. ಆಗ 26ರ ಜಾಗಕ್ಕೆ 24 ಅಥವಾ 28 ಬರುತ್ತದೆ, ಬಹುಪಾಲು ಬೋರ್ಡುಗಳಲ್ಲಿ ಅವು ಗ್ರೌಂಡಿಗೆ ಸೇರಿರುತ್ತವೆ, ಕಾರ್ಡಿನ ಮೇಲಿನ ಟರ್ಮ್‌ಪವರ್ ಫ್ಯೂಸ್ ಹೋಗುತ್ತದೆ. ಆಮೇಲೆ ಕೇಬಲ್ ಸರಿಮಾಡಿದರೂ ಟರ್ಮಿನೇಟರಿಗೆ ಕರೆಂಟಿಲ್ಲ. ಕೆಂಪು ಗೆರೆಯ ಅಂಚು 1ನೇ ಪಿನ್ನಿಗೆ, ಮತ್ತೆ ಎರಡೂ ಕೊನೆಗಳಲ್ಲಿ ಪಿನ್ನು ಹೊರಗೆ ಇಣುಕುತ್ತಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿಯೇ ಸ್ವಿಚ್ ಹಾಕಿ.

ಈಗ ಕಗ್ಗಂಟಿನ ಭಾಗ, ಕಾರ್ಡು. ಯಂತ್ರದ ಒಳಗೆ ಮಾತ್ರ ಡ್ರೈವುಗಳಿದ್ದರೆ ಕಾರ್ಡೇ ತಂತಿಯ ಒಂದು ತುದಿ, ಅದರ ಟರ್ಮಿನೇಷನ್ ಚಾಲೂ ಇರಬೇಕು. ಹಿಂಭಾಗದ ಕಿಂಡಿಗೆ ಹೊರಗಿನ ಸ್ಕ್ಯಾನರ್ ಸಿಕ್ಕಿಸಿದ ಕ್ಷಣ ಕಾರ್ಡು ತುದಿಯಲ್ಲಿಲ್ಲ, ಮಧ್ಯಕ್ಕೆ ಬಂತು. ಕಾರ್ಡಿನದು ಬಂದ್, ಸ್ಕ್ಯಾನರಿನ ಹಿಂದೆ ಟರ್ಮಿನೇಟರ್. ಸ್ಕ್ಯಾನರ್ ತೆಗೆದ ದಿನ ಕಾರ್ಡಿನದನ್ನು ಮತ್ತೆ ಚಾಲೂ ಮಾಡಬೇಕು. ತುಂಬಾ ಜನ ಎಡವುವುದು ಇಲ್ಲೇ.

ಉದಾಹರಣೆಗೆ ಅಡಾಪ್ಟೆಕ್ 2940ಯುಡಬ್ಲ್ಯೂ ಕಾರ್ಡನ್ನು ತೆಗೆದುಕೊಳ್ಳಿ. ಒಳಗೆ 68 ಪಿನ್ನಿನ ವೈಡ್ (16 ಬಿಟ್ಟಿನ) ಕನೆಕ್ಟರ್, ಒಳಗೇ 50 ಪಿನ್ನಿನ ನ್ಯಾರೋ (8 ಬಿಟ್ಟಿನ) ಕನೆಕ್ಟರ್, ಹಿಂದೆ ಹೊರಗಿನದಕ್ಕೆ ಒಂದು 68. ಮೂರು ಕಿಂಡಿ ಇದ್ದರೂ ಒಮ್ಮೆಗೆ ಎರಡನ್ನು ಮಾತ್ರ ಬಳಸಬೇಕು. ಮೂರನ್ನೂ ಬಳಸಿದರೆ ತಂತಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದು ಮೂರು ತುದಿ ಆಗುತ್ತದೆ, ಮೂರು ತುದಿಗೆ ಸರಿಯಾದ ಟರ್ಮಿನೇಷನ್ ಎನ್ನುವುದೇ ಇಲ್ಲ. ವೈಡ್ ಕೇಬಲ್ಲಿಗೆ ಐಡಿ 0 ಮತ್ತು 1ರ ಎರಡು ಹಾರ್ಡ್ ಡಿಸ್ಕ್, ನ್ಯಾರೋ ಕೇಬಲ್ಲಿಗೆ ಐಡಿ 4ರ ಒಂದು ಸಿಡಿ ಡ್ರೈವ್ ಹಾಕುತ್ತೇವೆ ಎನ್ನಿ. ವೈಡ್ ಕೇಬಲ್ಲಿನ ಕೊನೆಗೆ ಟರ್ಮಿನೇಟರ್, ನ್ಯಾರೋ ಕೇಬಲ್ಲಿನ ಕೊನೆಯಲ್ಲಿರುವ ಸಿಡಿ ಡ್ರೈವಿನ ಟರ್ಮಿನೇಷನ್ ಚಾಲೂ. ಕಾರ್ಡಿನದು?

ಕೆಳಗಿನ ಎಂಟು ಬಿಟ್ ಎರಡೂ ಕೇಬಲ್ಲಿನಲ್ಲಿ ಓಡುತ್ತವೆ, ಅವುಗಳ ಮಟ್ಟಿಗೆ ಕಾರ್ಡು ಮಧ್ಯದಲ್ಲಿದೆ. ಮೇಲಿನ ಎಂಟು ಬಿಟ್ ಮತ್ತು ಅವುಗಳ ಪ್ಯಾರಿಟಿ, ಒಟ್ಟು ಒಂಬತ್ತು ಗೆರೆ, ವೈಡ್ ಕೇಬಲ್ಲಿನಲ್ಲಿ ಮಾತ್ರ. ಅವುಗಳ ಮಟ್ಟಿಗೆ ಕಾರ್ಡೇ ಕೊನೆ. ಒಂದೇ ಕಾರ್ಡು ಏಕಕಾಲಕ್ಕೆ ಮಧ್ಯವೂ ಹೌದು, ತುದಿಯೂ ಹೌದು. ಹಾಗಾಗಿ ಯಂತ್ರ ಏಳುವಾಗ ಕಂಟ್ರೋಲ್ ಮತ್ತು ಎ ಒತ್ತಿ ಕಾರ್ಡಿನ ಸೆಟ್ಟಿಂಗ್ ತೆರೆದು, ಟರ್ಮಿನೇಷನ್ನಿನಲ್ಲಿ "ಲೋ ಆಫ್, ಹೈ ಆನ್" ಆರಿಸಬೇಕು. ಆಟೋಮ್ಯಾಟಿಕ್ ಎಂಬ ಆಯ್ಕೆಯೂ ಇದೆ. ಅದು ಕೇಬಲ್ ಇದೆಯೇ ಎಂದು ಪತ್ತೆಹಚ್ಚಿ ತಾನೇ ತೀರ್ಮಾನಿಸುತ್ತದೆ, ಸಾಮಾನ್ಯವಾಗಿ ಸರಿಯೂ ಇರುತ್ತದೆ. ಅನುಮಾನ ಬಂದಾಗ ಕೈಯಾರೆ ನಿಗದಿ ಮಾಡುವುದೇ ಮೇಲು.

ಇದೇ ತರ್ಕದಿಂದ, ವೈಡ್ ಕೇಬಲ್ಲಿನ ಕೊನೆಗೆ 68ರಿಂದ 50ಕ್ಕೆ ಇಳಿಸುವ ಅಡಾಪ್ಟರ್ ಹಾಕಿ ನ್ಯಾರೋ ಡ್ರೈವ್ ಜೋಡಿಸಿದರೆ, ಆ ಒಂಬತ್ತು ಗೆರೆಗಳಿಗೆ ದಿಕ್ಕಿಲ್ಲದಂತಾಗುತ್ತದೆ. ಮೇಲಿನ ಬೈಟಿಗೆ ಟರ್ಮಿನೇಷನ್ ಇರುವ ಅಡಾಪ್ಟರ್ ಬೇರೆಯಾಗಿ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಅಥವಾ ನ್ಯಾರೋ ಡ್ರೈವನ್ನು ಮಧ್ಯಕ್ಕೆ ಹಾಕಿ.

ಅಲ್ಟ್ರಾ2 ಎಂಬ ಮುಂದಿನ ಪೀಳಿಗೆಯಿಂದ ಎಲ್‌ವಿಡಿ (ಲೋ ವೋಲ್ಟೇಜ್ ಡಿಫರೆನ್ಷಿಯಲ್) ಶುರು. ಒಂದು ಸಿಗ್ನಲ್ಲಿಗೆ ಎರಡು ತಂತಿ, ಎರಡರ ವ್ಯತ್ಯಾಸ ಓದುವ ಪದ್ಧತಿ. ಕೇಬಲ್ 12 ಮೀಟರ್ ತನಕ ಹೋಗಬಹುದು. ಎಲ್‌ವಿಡಿ ಡ್ರೈವುಗಳಲ್ಲಿ ಟರ್ಮಿನೇಷನ್ ಜಂಪರನ್ನು ಹುಡುಕುತ್ತಾ ಕೂರಬೇಡಿ, ಇರುವುದಿಲ್ಲ; ಕೇಬಲ್ಲಿನ ಕೊನೆಗೇ ಟರ್ಮಿನೇಟರ್ ಬೇಕು. ಅದೂ ಎಲ್‌ವಿಡಿಯದೇ. ಡಿಫ್‌ಸೆನ್ಸ್ ಎಂಬ ಒಂದು ಗೆರೆ ಇಲ್ಲಿ ಯಜಮಾನ: 0.7ರಿಂದ 1.9 ವೋಲ್ಟಿನ ನಡುವೆ ಇದ್ದರೆ ಎಲ್ಲರೂ ಎಲ್‌ವಿಡಿ, 0.5ಕ್ಕಿಂತ ಕೆಳಗಿದ್ದರೆ ಎಲ್ಲರೂ ಹಳೆಯ ಸಿಂಗಲ್ ಎಂಡೆಡ್. ಹಳೆಯ ಟರ್ಮಿನೇಟರೋ ಹಳೆಯ ಡ್ರೈವೋ ಒಂದೇ ಒಂದು ಸೇರಿದರೂ ಅದು ಈ ಗೆರೆಯನ್ನು ಗ್ರೌಂಡಿಗೆ ಎಳೆದು, ಸೆಕೆಂಡಿಗೆ 160 ಮೆಗಾಬೈಟ್ ಓಡಬೇಕಿದ್ದ ಬಸ್ 40ಕ್ಕೆ ಇಳಿಯುತ್ತದೆ, ಉದ್ದದ ಹಳೆಯ ಮಿತಿಯೂ ಮರಳುತ್ತದೆ. ದೋಷ ಕಾಣುವುದಿಲ್ಲ, ನಿಧಾನ ಮಾತ್ರ. ಎಚ್‌ವಿಡಿ ಎಂಬ ಹಳೆಯ ಡಿಫರೆನ್ಷಿಯಲ್ ಬೇರೆಯೇ ಜಾತಿ. ಕನೆಕ್ಟರ್ ಒಂದೇ ರೀತಿ ಕಂಡರೂ ಉಳಿದವುಗಳ ಜೊತೆ ಬೆರೆಸಿದರೆ ಚಿಪ್ಪು ಸುಡಬಹುದು. ಗುರುತು ಓದಿ.

ತೊಂದರೆ ಹುಡುಕುವಾಗ ಮೊದಲು ಐಡಿ ಗಲಾಟೆಯನ್ನು ಬೇರ್ಪಡಿಸಿ. ಒಂದೇ ಡ್ರೈವ್ ಎಲ್ಲ ಐಡಿಗಳಲ್ಲೂ ಕಾಣಿಸುತ್ತಿದ್ದರೆ ಅದು ಕಾರ್ಡಿನ ಐಡಿಯನ್ನೇ, ಸಾಮಾನ್ಯವಾಗಿ 7ನ್ನು, ಹೊತ್ತು ಕೂತಿದೆ. ಟರ್ಮಿನೇಷನ್ ತಂಟೆಗೆ ಹೋಗಬೇಡಿ. ಡ್ರೈವುಗಳು ಕಾಣಿಸುತ್ತವೆ, ಸಣ್ಣ ಫೈಲು ಬರುತ್ತದೆ, ದೊಡ್ಡದು ಪ್ರತಿ ಮಾಡುವಾಗ ಬಸ್ ರೀಸೆಟ್ ಆಗುತ್ತದೆ, ಪ್ಯಾರಿಟಿ ದೋಷ ಬರುತ್ತದೆ ಎಂದರೆ ಅನುಮಾನ ಟರ್ಮಿನೇಷನ್ ಮೇಲೆ. ಪ್ಯಾರಿಟಿ ದೋಷ ಬಂದಿಲ್ಲ ಎಂದು ನೆಮ್ಮದಿ ಬೇಡ. ಒಂದು ಬೈಟಿನಲ್ಲಿ ಎರಡು ಬಿಟ್ ಒಟ್ಟಿಗೆ ತಪ್ಪಿದರೆ ಪ್ಯಾರಿಟಿಗೆ ಗೊತ್ತಾಗುವುದಿಲ್ಲ, ತಪ್ಪು ಡೇಟಾ ಸದ್ದಿಲ್ಲದೆ ಡಿಸ್ಕಿಗೆ ಇಳಿಯುತ್ತದೆ.

ಮಲ್ಟಿಮೀಟರಿನಲ್ಲಿ ಎರಡು ಪರೀಕ್ಷೆ. ಯಂತ್ರ ಚಾಲೂ ಇದ್ದು ಡ್ರೈವುಗಳು ಸುಮ್ಮನಿದ್ದಾಗ, ಕಪ್ಪು ತಂತಿಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಹಿಡಿದು, ಮಧ್ಯದ ಖಾಲಿ ಕನೆಕ್ಟರಿನ 26ನೇ ತೂತಿನಲ್ಲಿ ತೆಳು ಸೂಜಿಯಿಂದ ಅಳೆಯಿರಿ: 4.25ರಿಂದ 5.25 ವೋಲ್ಟ್ ಇರಬೇಕು. ಏನೂ ಇಲ್ಲದಿದ್ದರೆ ಫ್ಯೂಸ್ ನೋಡಿ. 36ನೇ ತೂತು ಬ್ಯುಸಿ ಗೆರೆ, ಅಂದರೆ ಬಸ್ ಬಳಕೆಯಲ್ಲಿದೆ ಎಂದು ಹೇಳುವುದು. ಅಲ್ಲಿ 3 ವೋಲ್ಟಿನ ಆಸುಪಾಸು. ಸೂಜಿ ಪಕ್ಕದ ತೂತಿಗೆ ತಗುಲದಂತೆ ನೋಡಿಕೊಳ್ಳಿ. ಆದರೆ ಈ ಪರೀಕ್ಷೆಗೆ ಒಂದು ಕುರುಡುತನ ಇದೆ, ಒಂದೇ ಟರ್ಮಿನೇಟರ್ ಇದ್ದರೂ ಅದೇ 3 ವೋಲ್ಟ್ ತೋರಿಸುತ್ತದೆ. ಎಷ್ಟು ಇವೆ ಎಂದು ತಿಳಿಯಲು ಎರಡನೆಯದು: ಪವರ್ ಕಾರ್ಡ್ ಕಿತ್ತು, 26ಕ್ಕೂ ಗ್ರೌಂಡಿಗೂ ನಡುವೆ ಓಮ್ ಅಳೆಯಿರಿ. ಒಂದು ಪ್ಯಾಸಿವ್ ಟರ್ಮಿನೇಟರಿನ 18 ಜೋಡಿಗಳು ಸೇರಿ ಸುಮಾರು 30 ಓಮ್. ಎರಡಿದ್ದರೆ 15, ಮೂರಿದ್ದರೆ 10. ಎಲ್ಲವೂ ಪ್ಯಾಸಿವ್ ಇದ್ದಾಗ ಮಾತ್ರ ಈ ಲೆಕ್ಕ. ಆಕ್ಟಿವ್‌ಗಳಲ್ಲಿ ಕಣ್ಣು ಮತ್ತು ಬೆರಳೇ ಗತಿ: ಒಂದು ತುದಿಯಿಂದ ಕೇಬಲ್ ಮೇಲೆ ಬೆರಳು ಎಳೆದುಕೊಂಡು ಹೋಗಿ ಎಣಿಸುವುದು.

ಸ್ಕಸಿ ಕೂಡಿಬರಬೇಕಾದರೆ ಆಗಾಗ ಆಡು ಬಲಿ ಕೊಡಬೇಕು ಎಂಬ ತಮಾಷೆ ಈ ಕೆಲಸದವರಲ್ಲಿ ಬಹಳ ಹಳೆಯದು. ಬೆರಳು ಎಳೆದು ಎಣಿಸಿದವರಿಗೆ ಆಡಿನ ಖರ್ಚು ಉಳಿಯುತ್ತದೆ.

ಹಾರ್ಡ್ ಡಿಸ್ಕಿನ ಬದಲು ಎಸ್‌ಡಿ ಕಾರ್ಡ್ ಹಾಕುವ ಹೊಸ ಬೋರ್ಡುಗಳಿಗೂ ಇದೇ ನಿಯಮ. ಅವುಗಳಲ್ಲಿ ಟರ್ಮಿನೇಷನ್ನಿಗೆ ಪುಟ್ಟ ಸ್ವಿಚ್ಚೋ ಜಂಪರೋ ಇರುತ್ತದೆ. ಹಳೆಯ ಡ್ರೈವ್ ಕೊನೆಯಲ್ಲಿತ್ತು, ಬೋರ್ಡೂ ಅಲ್ಲೇ ಬಂತು ಎಂದರೆ ಚಾಲೂ. ಮಧ್ಯದ ಡ್ರೈವಿನ ಜಾಗಕ್ಕೆ ಬಂದಿದ್ದರೆ ಬಂದ್. ಇನ್ನು, ಡ್ರೈವಿನಿಂದ ಕಿತ್ತ ಆ ಮೂರು ಪ್ಯಾಕುಗಳನ್ನು ಕಸದ ಬುಟ್ಟಿಗೆ ಹಾಕಬೇಡಿ. ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಯಾವ ಡ್ರೈವಿನದು ಎಂದು ಬರೆದು, ಕ್ಯಾಬಿನೆಟ್ಟಿನ ಒಳಗೋಡೆಗೆ ಟೇಪ್ ಹಚ್ಚಿ. ಮುಂದೆ ಆ ಯಂತ್ರ ಬಿಚ್ಚುವವರು ಮೊದಲು ಹುಡುಕುವುದು ಅದನ್ನೇ.